ಗುರುವಾರದ ಊಟಕ್ಕೆ ಬಂದವಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಸಮಿತಿಯ ಹೆಂಗಸರೆಲ್ಲ ಹೇಳುತ್ತಾರೆ. ಹೇಳಲಿ. ನಲವತ್ತು ಮನೆಗೆ ಸಬ್ಬತ್ತಿನ, ಅಂದರೆ ಶುಕ್ರವಾರ ಸಂಜೆ ಶುರುವಾಗುವ ನಮ್ಮ ವಿಶ್ರಾಂತಿ ದಿನದ, ಸಾಮಾನನ್ನು ಒಂದೇ ಬೆಳಿಗ್ಗೆಯಲ್ಲಿ ಪೆಟ್ಟಿಗೆಗೆ ತುಂಬಿ, ಮಾಂಟ್ರಿಯಲ್ಲಿನ ಹಿಮದಲ್ಲಿ ಬಾಗಿಲು ಬಾಗಿಲಿಗೆ ಮುಟ್ಟಿಸುವುದು ನಗುನಗುತ್ತಾ ಆಗುವ ಕೆಲಸವಲ್ಲ. ಕೋಳಿ ಕರಗಬಾರದು, ಮೊಟ್ಟೆ ಒಡೆಯಬಾರದು, ಎರಡು ಮೇಣದಬತ್ತಿ ಮರೆಯಬಾರದು. ನಮ್ಮಲ್ಲಿ ಅರ್ಧ ಜನಕ್ಕೆ ಕೈ ನಿಧಾನ, ಇನ್ನರ್ಧಕ್ಕೆ ಬಾಯಿ ಜೋರು. ನಾನು ಕೂಗಾಡದಿದ್ದರೆ ಶುಕ್ರವಾರ ಸಂಜೆಯಾದರೂ ಪೆಟ್ಟಿಗೆಗಳು ನಮ್ಮ ಯಹೂದಿ ಪ್ರಾರ್ಥನಾ ಮಂದಿರ ಸಿನಗಾಗಿನ ನೆಲಮಾಳಿಗೆಯಲ್ಲೇ ಕೂತಿರುತ್ತವೆ.

ನನ್ನ ಹೆಸರು ಪೆರ್ಲಾ ಬೆನ್‌ಶಿಮೋಲ್. ಹುಟ್ಟಿದ್ದು ಮೊರಾಕ್ಕೋದ ಸೆಫ್ರು ಊರಿನಲ್ಲಿ. ಇಲ್ಲಿಗೆ ಬಂದ ಮೇಲೆ ಮೂವತ್ತು ವರ್ಷ ಒಂದು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿದವಳು. ಗಂಡ ಅರ್ಮಾನ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಗುರುವಾರದ ಪೆಟ್ಟಿಗೆಗಳ ಜವಾಬ್ದಾರಿ ಹತ್ತೊಂಬತ್ತು ವರ್ಷದಿಂದ ನನ್ನದೇ.

ನಮ್ಮ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ, ಬಾಗಿಲ ನಂಬರು ಮಾತ್ರ. ಪೆಟ್ಟಿಗೆ ಇಡು, ಗಂಟೆ ಒತ್ತು, ಹಿಂದಿರುಗಿ ನೋಡದೆ ಮೆಟ್ಟಿಲಿಳಿ, ಅಷ್ಟೇ. ಕೊಟ್ಟವರ ಮುಖ ಕಂಡರೆ ತೆಗೆದುಕೊಂಡವರು ನಾಳೆ ಬೀದಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ನಾಲ್ಕು ಜನರ ಮುಂದೆ ಒಬ್ಬರ ಮುಖ ಬಾಡಿಸುವುದು ರಕ್ತ ಹರಿಸಿದ ಹಾಗೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ನನ್ನ ಮುಖ ನೋಡಿರಲಿಲ್ಲ. ಅದು ನನ್ನ ಹೆಮ್ಮೆ. ಇನ್ನೊಂದು ಹೆಮ್ಮೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ನಾನು ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಅರ್ಮಾನನನ್ನು ಮಣ್ಣು ಮಾಡಿ ಬಂದ ದಿನ ಮೊದಲ ಊಟ ನೆರೆಯವರದ್ದೇ ಆಗಬೇಕು ಎಂಬ ಕಟ್ಟಳೆಗೆ ಒಂದು ಮೊಟ್ಟೆ ತಿಂದೆ. ಉಳಿದವರು ತಂದ ಪಾತ್ರೆಗಳನ್ನೆಲ್ಲ ಆ ವಾರದಲ್ಲೇ ಬೇರೆ ಅಡುಗೆ ತುಂಬಿಸಿ ವಾಪಸು ಕಳಿಸಿದೆ.

ಆ ಚಳಿಗಾಲದಲ್ಲಿ ತಕರಾರು ಬಂದದ್ದು ಹದಿನಾಲ್ಕನೇ ನಂಬರಿನಿಂದ. ವಿಕ್ಟೋರಿಯಾ ರಸ್ತೆಯ ಹಳೇ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಕೆಟ್ಟು ವರ್ಷವಾಗಿತ್ತು. ಅಲ್ಲಿಗೆ ಪೆಟ್ಟಿಗೆ ಮುಟ್ಟಿಸುತ್ತಿದ್ದವಳು ನನ್ನ ಗೆಳತಿ ಫ್ರೇಹಾ. ಒಂದು ಗುರುವಾರ ಅವಳು ಕೈಗವಸು ಕೂಡ ಬಿಚ್ಚದೆ ನನ್ನ ಹತ್ತಿರ ಬಂದಳು.

"ನಮ್ಮ ಕೋಳಿ ಯಾರ ಕೈಲಿತ್ತು ಗೊತ್ತೇನೆ?"

"ಯಾವ ಕೋಳಿ?"

"ಹದಿನಾಲ್ಕನೇ ನಂಬರಿಂದು ಕಣೆ. ಕೈಗವಸು ಬಿಟ್ಟು ಬಂದಿದ್ದೆ ಅಂತ ವಾಪಸ್ ಹೋದೆ. ಕೆಳಗಿನ ಮನೆ ಫಿಲಿಪ್ಪೀನ್ಸ್ ಹೆಂಗಸು ನಮ್ಮ ಕೋಳಿ ಹಿಡ್ಕೊಂಡು ಇಳೀತಿದ್ಲು. ಹಿಂದೆ ಒಬ್ಬ ಕಾಲೇಜು ಹುಡುಗಿ, ಕೈಲಿ ನಮ್ಮ ಎಣ್ಣೆ ಬಾಟ್ಲಿ. ಮೇಲಿರೋ ಮುದುಕ ಹಂಚ್ತಾನಂತೆ. ಪ್ರತಿ ವಾರ!"

ಸಮಿತಿಯ ಖಜಾಂಚಿ ಎಲ್ಬಾಜ಼್ ಅಲ್ಲೇ ಇದ್ದರು. ಔಷಧಿ ಅಂಗಡಿ ನಡೆಸಿ ನಿವೃತ್ತರಾದ ಮನುಷ್ಯ, ಒಂದು ಟರ್ನಿಪ್ ಗೆಡ್ಡೆ ಹೆಚ್ಚು ಬಿದ್ದರೂ ಅವರಿಗೆ ನಿದ್ದೆ ಬರುವುದಿಲ್ಲ. "ತೆಗೀರಿ ಆ ನಂಬರು. ಪಟ್ಟಿಗೆ ಸೇರೋಕೆ ಹನ್ನೊಂದು ಮನೆಯೋರು ಕಾಯ್ತಾ ಕೂತಿದ್ದಾರೆ" ಎಂದರು.

ನನಗೂ ಸಿಟ್ಟು ಬಂದಿತ್ತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದೆ. ಆದರೆ ನಂಬರು ತೆಗೆಯಲು ನಮ್ಮ ಧರ್ಮಗುರು ರಬ್ಬಿಯ ಒಪ್ಪಿಗೆ ಬೇಕು, ಹೆಸರುಗಳು ಗೊತ್ತಿರುವುದು ಅವರೊಬ್ಬರಿಗೇ. ರಬ್ಬಿ ಓಹಾಯೋನ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮಾತು ನಿಧಾನ. ಪೂರಾ ಕೇಳಿಸಿಕೊಂಡು ಗಡ್ಡ ಸವರಿಕೊಂಡರು.

"ಅವರ ಹೆಸರು ಮಖ್ಲೂಫ್ ಅಸರಾಫ್. ಎಂಬತ್ನಾಲ್ಕು ವರ್ಷ. ದೊಡ್ಡ ಬಟ್ಟೆ ಅಂಗಡಿ ಇತ್ತು, ಮುಳುಗಿಹೋಯ್ತು. ಹೆಂಡತಿ ಹೋಗಿ ನಾಲ್ಕು ವರ್ಷ. ಅವರು ಹೋಗ್ತಿದ್ದ ಸಿನಗಾಗ್ ಮುಚ್ಚಿದ ಮೇಲೆ ಎಲ್ಲೂ ಹೋಗಲ್ಲ. ಅವರ ಮನೆಗೆ ಹೋಗಿ ನೋಡೋ ಕ್ಲಿನಿಕ್ಕಿನ ನರ್ಸ್ ಬಂದು ನನ್ನ ಹತ್ರ ಹೇಳಿದ್ಲು, ತೂಕ ಇಳೀತಾನೇ ಇದೆ, ಹೀಗೇ ಆದ್ರೆ ಈ ಚಳಿ ದಾಟಲ್ಲ ಅಂತ."

"ಇಳೀದೆ ಏನು ಮಾಡುತ್ತೆ? ಕೊಟ್ಟಿದ್ದನ್ನೆಲ್ಲ ಊರಿಗೆ ಹಂಚಿದ್ರೆ?"

"ಒಬ್ಬನಿಗೆ ಕೊಡೋವಾಗ ಅವನಿಗೆ ಏನಿಲ್ವೋ ಅದನ್ನ ಕೊಡ್ಬೇಕು ಪೆರ್ಲಾ ಅವ್ರೆ. ನಮ್ಮ ಹತ್ರ ಏನಿದ್ಯೋ ಅದನ್ನಲ್ಲ. ಕುದುರೆ ಮೇಲೆ ಓಡಾಡಿದೋನು ಬಡವ ಆದ್ರೆ ಕುದುರೇನೂ ಕೊಡ್ಬೇಕು ಅಂದಿದ್ದಾರೆ ನಮ್ಮ ಹಿರಿಯರು."

"ನೆಲಮಾಳಿಗೇಲಿ ಕುದುರೆ ಇಲ್ಲ ಗುರುಗಳೇ. ಟರ್ನಿಪ್ ಇದೆ."

"ಹೋಗಿ ನೋಡ್ಕೊಂಡು ಬನ್ನಿ, ಏನಿಲ್ಲ ಅವರಿಗೆ ಅಂತ. ಪೆಟ್ಟಿಗೆ ಮಾತು ಮಾತ್ರ ಎತ್ತಬೇಡಿ."

ಮುಂದಿನ ಗುರುವಾರ ಫ್ರೇಹಾ ಪೆಟ್ಟಿಗೆ ಇಟ್ಟು ಬಂದ ಎರಡು ಗಂಟೆಯ ಮೇಲೆ ನಾನು ಹೊರಟೆ. ಸಿನಗಾಗಿನಿಂದ ಬಂದಿದ್ದೇನೆ, ಒಂಟಿ ಹಿರಿಯರನ್ನು ವಿಚಾರಿಸಿಕೊಳ್ಳುತ್ತಿದ್ದೇವೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಮೂರು ಮಹಡಿ ಹತ್ತುವಷ್ಟರಲ್ಲಿ ಮಂಡಿ ಕಳಚಿ ಬಂತು. ಹಿಮ ಕರಗಿ ತಲೆವಸ್ತ್ರ ಕೆನ್ನೆಗೆ ಅಂಟಿತ್ತು. ಮೈಮೇಲೆ ಅರ್ಮಾನನ ಹಳೆಯ ಓವರ್‌ಕೋಟು. ಅದು ನನಗೆ ದೊಡ್ಡದು, ಒಂದು ಜೇಬು ಹರಿದಿದೆ, ಆದರೂ ಚಳಿಗೆ ಅದನ್ನು ಬಿಟ್ಟು ಬೇರೆ ಹಾಕಲು ಮನಸ್ಸಾಗುವುದಿಲ್ಲ. ಕೈಯಲ್ಲಿ ಗಾಲಿ ಇರುವ ಖಾಲಿ ಚೀಲ. ಗಂಟೆ ಒತ್ತಿ ಏದುಸಿರು ಬಿಡುತ್ತಾ ನಿಂತೆ. ಹತ್ತೊಂಬತ್ತು ವರ್ಷದಲ್ಲಿ ಗಂಟೆ ಒತ್ತಿ ನಿಂತದ್ದು ಅದೇ ಮೊದಲು.

ಬಾಗಿಲು ತೆರೆದವರು ಎತ್ತರದ, ಒಣಗಿದ ಮುದುಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನವರೆಗೂ ಗುಂಡಿ. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಕೋಟು, ಜೇಬು, ಖಾಲಿ ಚೀಲ. ನಾನು ಬಾಯಿ ತೆರೆಯುವ ಮೊದಲೇ ಅವರ ಮುಖ ಅರಳಿತು.

"ಬಾಮ್ಮ, ಬಾ ಒಳಗೆ! ಯಾರು ಹೇಳಿದ್ರು ನನ್ನ ಮನೆ? ಕೆಳಗಿನ ಮನೆಯೋಳಾ?"

"ಇಲ್ಲ, ನಾನು..."

"ಸಂಕೋಚ ಯಾಕೆ? ಮೊದಲನೇ ಸಲ ಬರೋರೆಲ್ಲ ಹೀಗೇ ಬಾಗಿಲಲ್ಲಿ ತಡವರಿಸ್ತಾರೆ. ಹಸಿವಿಗೇನು ನಾಚಿಕೆ? ಬಾ, ಕಾಲು ಒರೆಸ್ಕೋ."

ನನ್ನನ್ನು ಭಿಕ್ಷೆಗೆ ಬಂದವಳೆಂದು ತಿಳಿದಿದ್ದರು! ನನ್ನನ್ನು, ಪೆರ್ಲಾ ಬೆನ್‌ಶಿಮೋಲಳನ್ನು! ಕಿವಿಯವರೆಗೂ ಬೆಂಕಿ ಹತ್ತಿತು. ಆದರೆ ಅವರು ಆಗಲೇ ನನ್ನ ಕೋಟು ತೆಗೆದುಕೊಂಡು ಮೊಳೆಗೆ ತೂಗುಹಾಕಿದ್ದರು. ಹೊರಬಾಗಿಲನ್ನು ಒಂದು ಗೇಣು ತೆರೆದೇ ಬಿಟ್ಟು ಅದಕ್ಕೊಂದು ಹಳೇ ಬೂಟು ಅಡ್ಡ ಇಟ್ಟರು. ಗಂಡಸು ಹೆಂಗಸು ಇಬ್ಬರೇ ಇರುವ ಮನೆಯಲ್ಲಿ ಬಾಗಿಲು ಮುಚ್ಚಬಾರದಲ್ಲ. ಹೊರಗಿನ ಚಳಿಯೆಲ್ಲ ಒಳಗೆ ಬಂತು, ಒಳಗಿನ ಹರೀರಾ ಸಾರಿನ ಘಮವೆಲ್ಲ ಹೊರಗೆ ಹೋಯಿತು.

"ನಿನ್ನ ಹೆಸರೇನಮ್ಮ?"

ಪೆರ್ಲಾ ಎಂದರೆ ಪೆಟ್ಟಿಗೆಯವಳು ಎಂದು ಅವರು ಎಲ್ಲಾದರೂ ಕೇಳಿರಬಹುದು. ಅಜ್ಜಿಯ ಹೆಸರು ಹೇಳಿದೆ. "ಸೋಲ್."

"ಒಳ್ಳೇ ಹೆಸರು. ಇಲ್ನೋಡು ಸೋಲ್, ಇದನ್ನ ನೋಡಿದ್ಯಾ?" ಎಂದು ಮೇಜಿನ ಮೇಲಿನ ಪೆಟ್ಟಿಗೆ ತೋರಿಸಿದರು. ನೋಡದೆ ಏನು, ಅದರ ಹಗ್ಗದ ಗಂಟು ನಾನೇ ಹಾಕಿದ್ದು. "ಪ್ರತಿ ಗುರುವಾರ ಯಾರೋ ಪುಣ್ಯಾತ್ಮರು ನನ್ನ ಬಾಗಿಲಿಗೆ ಇಟ್ಟು ಹೋಗ್ತಾರೆ. ಮೊರಾಕ್ಕೋದಲ್ಲಿ, ನಮ್ಮೂರು ಮೆಕ್ನೆಸಲ್ಲಿ, ನಮ್ಮಪ್ಪನ ಬಾಗಿಲಿಗೂ ಹೀಗೇ ತಂದಿಡೋರು. ಊರಲ್ಲಿ ಯಾರಿಗೆ ಏನು ಬೇಕು ಅಂತ ಅಸರಾಫ್ ಮನೆಗೆ ಗೊತ್ತು, ಅವರು ಹಂಚ್ತಾರೆ ಅನ್ನೋ ನಂಬಿಕೆ. ಅಂಗಡಿ ಹೋಯ್ತು, ನನ್ನನ್ನ ಯಾರೂ ಕೇಳೋರಿಲ್ಲ ಅಂತ ಕೂತಿದ್ದೆ. ಒಂದು ದಿನ ಗಂಟೆ ಹೊಡೀತು, ತೆಗೆದ್ರೆ ಪೆಟ್ಟಿಗೆ! ಈ ಊರಲ್ಲೂ ಯಾರಿಗೋ ಗೊತ್ತಾಗಿದೆ ನೋಡು, ನಾವು ಆ ಮನೆತನ ಅಂತ."

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ಕೂತೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಪೆಟ್ಟಿಗೆ ನಿಮಗೇ, ನೀವೇ ಬಡವರು, ನಾನು ಕೊಡುವವಳು ಎಂದು ಒಂದು ಮಾತು ಹೇಳಿದ್ದರೆ ಆ ಬಿಳಿ ಅಂಗಿಯೊಳಗಿನ ಮನುಷ್ಯ ಅಲ್ಲೇ ಕುಸಿಯುತ್ತಿದ್ದರು.

ಅಭ್ಯಾಸಬಲ, ಎದ್ದು ಒಲೆಯ ಕಡೆ ಹೋದೆ, ಸೌಟಿಗೆ ಕೈ ಹಾಕಿದೆ.

"ಏಯ್! ಕೂತ್ಕೋ. ಇಲ್ಲಿ ಬಡಿಸೋನು ನಾನು."

ಕೂತೆ. ಮತ್ತೆ ಎದ್ದೆ, ಚಮಚ ತರಲು. ಮತ್ತೆ ಬೈಸಿಕೊಂಡೆ. ಕೂತಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ, ತೊಡೆಯ ಮೇಲಿಟ್ಟುಕೊಂಡೆ. ಅವರು ಕೈ ತೊಳೆದು ಪ್ರಾರ್ಥನೆ ಹೇಳಿ ರೊಟ್ಟಿ ಮುರಿದರು. ದೊಡ್ಡ ತುಂಡು ಉಪ್ಪಿಗೆ ಮುಟ್ಟಿಸಿ ನನ್ನ ಮುಂದೆ ಇಟ್ಟರು, ಕೈಗೆ ಕೊಡಲಿಲ್ಲ. ಕೈಯಿಂದ ಕೈಗೆ ರೊಟ್ಟಿ ಕೊಡುವುದು ಸಾವಿನ ಮನೆಯಲ್ಲಿ ಮಾತ್ರ. ಆಮೇಲೆ ಹೋದ ವಾರದ ಕಡಲೆಕಾಳು ಹಾಕಿ ಬೇಯಿಸಿದ ಹರೀರಾ ತಟ್ಟೆಯ ಅಂಚಿನವರೆಗೂ ತುಂಬಿದರು. ನಾನು ಆರಿಸಿದ ಕಡಲೆ, ನಾನು ತೂಗಿದ ಬೇಳೆ. ರುಚಿ ಮಾತ್ರ ನನ್ನ ಕೈಯದ್ದಲ್ಲ, ಜೀರಿಗೆ ಹೆಚ್ಚಾಗಿತ್ತು. ಹೇಳಬೇಕೆಂದು ಬಾಯಿ ತುದಿಗೆ ಬಂತು, ತಡೆದುಕೊಂಡೆ.

ನಾನು ಎರಡು ಚಮಚ ಕುಡಿದ ಮೇಲೆ ಅವರೂ ಒಂದು ತಟ್ಟೆ ಹಾಕಿಕೊಂಡರು. "ಎಷ್ಟೋ ದಿನ ಆಯ್ತು" ಎಂದರು. "ಸಾಮಾನು ತಗೊಂಡು ಹೋಗ್ತಾರೆ, ಕೂರೋರಿಲ್ಲ. ಎಲ್ಲರಿಗೂ ಕೆಲಸ. ಒಬ್ಬನೇ ಉಣ್ಣೋದು ನಮ್ಮ ಮನೇಲಿ ರೂಢಿಯಿಲ್ಲ ಕಣಮ್ಮ, ಗಂಟಲಲ್ಲಿ ಇಳಿಯೋದೇ ಇಲ್ಲ. ರೊಟ್ಟಿ, ಚಹಾ, ಅಷ್ಟರಲ್ಲೇ ಮುಗಿಸ್ಬಿಡ್ತೀನಿ." ಹೇಳುತ್ತಾ ಹೇಳುತ್ತಾ ತಟ್ಟೆ ಖಾಲಿ ಮಾಡಿದರು. ಇನ್ನೊಂದು ಸಲ ಹಾಕಿಕೊಂಡರು.

ಊಟ ಮುಗಿಯಿತು. "ಮೆರ್ಸಿ" ಎಂದೆ, ಅಂಗಡಿಯಲ್ಲಿ ಫ್ರೆಂಚಿನಲ್ಲಿ ಥ್ಯಾಂಕ್ಸ್ ಹೇಳುವ ಹಾಗೆ. ಅವರು ಏಳಲಿಲ್ಲ. ಏನನ್ನೋ ಕಾಯುತ್ತಿದ್ದರು. ಏನೆಂದು ಒಂದು ಗಳಿಗೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಹಳೆಯ ಊರುಗಳಲ್ಲಿ ಉಂಡವರು ಏಳುವ ಮೊದಲು ಉಣಿಸಿದವರಿಗೆ ಅಲ್ಲಿನ ಅರಬಿಯಲ್ಲಿ ಒಂದು ಮಾತು ಹೇಳುತ್ತಾರೆ: ಅಲ್ಲಾ ಯಖ್ಲೆಫ್. ಖಾಲಿಯಾದದ್ದನ್ನು ದೇವರು ತುಂಬಿಕೊಡಲಿ ಎಂದು. ಮಖ್ಲೂಫ್ ಎಂಬ ಹೆಸರು ಹುಟ್ಟಿದ್ದೂ ಅದೇ ಮಾತಿನಿಂದ. ಆ ಮಾತನ್ನು ನಾನು ಸಾವಿರ ಸಲ ಕೇಳಿಸಿಕೊಂಡಿದ್ದೇನೆ, ಯಾವಾಗಲೂ ನನಗೆ ಬೇರೆಯವರು ಹೇಳಿದ್ದು. ಹೇಳಲು ಹೋದರೆ ನಾಲಿಗೆ ತಿರುಗಲೊಲ್ಲದು. ಉಂಡದ್ದು ನಿಜ, ಉಣಿಸಿದ್ದು ಇವರು ಎಂದು ಒಪ್ಪಿಕೊಳ್ಳದೆ ಅದನ್ನು ಹೇಳುವುದು ಹೇಗೆ?

ಕೊನೆಗೆ ತಲೆ ತಗ್ಗಿಸಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ಎಷ್ಟೋ ವರ್ಷದ ಬಾಯಾರಿಕೆ ಇದ್ದವರಂತೆ. ಆಮೇಲೆ ನನ್ನ ಖಾಲಿ ಚೀಲಕ್ಕೆ ನಮ್ಮದೇ ಕೋಳಿಯನ್ನು ಹಾಕಿ ಕಳಿಸಿದರು.

ನೆಲಮಾಳಿಗೆಗೆ ವಾಪಸು ಬಂದು ಆ ಕೋಳಿಯನ್ನು ಮೇಜಿನ ಮೇಲೆ ಕುಕ್ಕಿದೆ. ನಡೆದದ್ದನ್ನು ಹೇಳಿದಾಗ ರಬ್ಬಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಅವರಿಗೇನಿಲ್ಲ ಅಂತ ಗೊತ್ತಾಯ್ತಲ್ಲ ಪೆರ್ಲಾ ಅವ್ರೆ. ಮನೆಗೆ ಬಂದು ಕೂತು ಉಣ್ಣೋ ಬಡವರಿಲ್ಲ."

"ಹಾಗಾದ್ರೆ ಗುರುಗಳು ಹೇಳಿದ ಕುದುರೆ ನೀನೇ ಕಣೆ!" ಎಂದಳು ಫ್ರೇಹಾ. "ಬಾಗಿಲು ತೆಗೆದಿತ್ತು ತಾನೇ?"

"ಒಂದು ಗೇಣು ತೆಗೆದಿತ್ತು. ನೆಗಡಿ ಹಿಡೀತು. ನಿನ್ನ ನಾಲಿಗೇಗೂ ಒಂದು ಬೂಟು ಅಡ್ಡ ಇಡ್ಬೇಕು."

ಎಲ್ಬಾಜ಼್ ಮಾತ್ರ ನಗಲಿಲ್ಲ. "ಇದು ನಾಟಕ. ಪೆಟ್ಟಿಗೆ ನಿಮಗೇ ಅಂತ ಅವರಿಗೆ ನೇರವಾಗಿ ಹೇಳ್ಬೇಕು. ಅವರು ತಿನ್ನಲಿ, ಇಲ್ಲ ಬಿಡಲಿ. ನೀವು ಹೇಳದೇ ಇದ್ರೆ ಒಂದಿನ ನಾನೇ ಹೇಳ್ತೀನಿ" ಎಂದರು. ಮಾತು ಕಹಿ, ಆದರೆ ಸುಳ್ಳಲ್ಲ. ಕಾಯುತ್ತಿದ್ದ ಹನ್ನೊಂದು ಮನೆಗಳನ್ನು ಅವರು ಮರೆಯುವ ಹಾಗಿರಲಿಲ್ಲ.

ಅಂದಿನಿಂದ ಪ್ರತಿ ಗುರುವಾರ ನನ್ನದು ಅದೇ ವೇಷ. ಬೆಳಿಗ್ಗೆ ಸಮಿತಿಯ ಮೇಲೆ ಕೂಗಾಟ, ಮಧ್ಯಾಹ್ನ ಅರ್ಮಾನನ ಕೋಟು ಹಾಕಿಕೊಂಡು ಮೂರು ಮಹಡಿ. ಅವರು ನನಗೆ ಏನೇನೋ ಕೊಟ್ಟರು. ತೀರಿಕೊಂಡ ಹೆಂಡತಿ ರಹ್ಮಾಳ ಉಣ್ಣೆಯ ಕಾಲುಚೀಲ ಕೊಟ್ಟರು. ಮಂಡಿಗೆ ಹಚ್ಚಲು ಯಾವುದೋ ಎಣ್ಣೆ ಕೊಟ್ಟರು. ಬುದ್ಧಿವಾದವನ್ನಂತೂ ಕೇಳುವುದೇ ಬೇಡ. "ಅಷ್ಟು ಬೇಗ ತಿನ್ಬೇಡ, ಯಾರೂ ಕಿತ್ಕೊಳ್ಳಲ್ಲ" ಎನ್ನುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ನಿಂತು ನುಂಗಿ ಅಭ್ಯಾಸವಾದ ನನಗೆ ಅಲ್ಲಿಯವರೆಗೂ ಯಾರೂ ಅದನ್ನು ಹೇಳಿರಲಿಲ್ಲ. ಅವರ ಅಂಗಿಯ ಕತ್ತಿನ ಗುಂಡಿ ಬಿಗಿಯಾಗತೊಡಗಿತು. ನರ್ಸ್ ರಬ್ಬಿಗೆ ಹೇಳಿದಳಂತೆ, ಎರಡು ಕಿಲೋ ಏರಿದ್ದಾರೆ ಎಂದು. ನಾನು ಬುಧವಾರ ರಾತ್ರಿಯಿಂದಲೇ ಗುರುವಾರಕ್ಕೆ ಕಾಯುತ್ತಿದ್ದೆ. ಅದು ಅವರ ಹೊಟ್ಟೆಯ ಚಿಂತೆಯಿಂದ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮಾರ್ಚ್ ಮೊದಲಲ್ಲಿ ನನಗೆ ಜ್ವರ ಬಂತು. ಎರಡು ಗುರುವಾರ ಹಾಸಿಗೆಯಲ್ಲೇ ಹೋಯಿತು. ಫ್ರೇಹಾ ಸಾರು ತರುತ್ತೇನೆಂದು ಫೋನ್ ಮಾಡಿದಳು. ಬೇಡ, ನನಗೇನಾಗಿದೆ ಎಂದು ಗದರಿಸಿದೆ. ನಾನೇ ಎದ್ದು ಡಬ್ಬಿಯ ಸೂಪ್ ಬಿಸಿ ಮಾಡಿ ಒಲೆಯ ಮುಂದೆ ನಿಂತೇ ಕುಡಿದೆ. ಕುಡಿಯುವಾಗ ಹದಿನಾಲ್ಕನೇ ನಂಬರಿನ ಮೇಜು ನೆನಪಾಗಿ ಅಳು ಬಂತು. ಜ್ವರದ ಅಳು ಎಂದುಕೊಂಡೆ.

ಮೂರನೇ ಗುರುವಾರ ಕಾಲು ನಡುಗುತ್ತಿದ್ದರೂ ನೆಲಮಾಳಿಗೆಗೆ ಹೋದೆ. ಹಿಂದಿನ ಮೂಲೆಯ ದೊಡ್ಡ ಫ್ರೀಜ಼ರಿನಿಂದ ಕೋಳಿ ತೆಗೆಯುತ್ತಿದ್ದೆ. ಮೆಟ್ಟಿಲ ಮೇಲೆ ಯಾರೋ ನಿಧಾನವಾಗಿ ಇಳಿದು ಬರುವ ಸದ್ದಾಯಿತು. ಆಮೇಲೆ ಧ್ವನಿ.

"ಒಳಗೆ ಬರಬಹುದಾ? ನನ್ನ ಹೆಸರು ಮಖ್ಲೂಫ್ ಅಸರಾಫ್."

ಕೈಯಲ್ಲಿದ್ದ ಕೋಳಿ ಕೆಳಗೆ ಬಿತ್ತು. ಫ್ರೀಜ಼ರಿನ ಹಿಂದೆ ಸರಿದು ನಿಂತೆ. ಸಂದಿಯಿಂದ ಕಾಣುತ್ತಿತ್ತು: ಬೂಟಿನ ಮೇಲೆಲ್ಲ ಹಿಮ, ಮತ್ತೆ ಇಳಿದುಹೋದ ಕೆನ್ನೆ, ಎದೆಗೆ ಒತ್ತಿ ಹಿಡಿದ ಟವೆಲಿನ ಗಂಟು. ಆ ಮನುಷ್ಯ ನಾಲ್ಕು ವರ್ಷದಿಂದ ಅಂಚೆಪೆಟ್ಟಿಗೆಗಿಂತ ದೂರ ಹೋದವರಲ್ಲ.

"ಒಬ್ಬ ಹೆಂಗಸನ್ನ ಹುಡುಕ್ತಿದೀನಿ" ಎಂದರು. "ನಮ್ಮೋರೇ, ಬಡವಿ. ಎರಡು ವಾರದಿಂದ ಊಟಕ್ಕೆ ಬಂದಿಲ್ಲ. ಬಡವರ ವಿಷಯ ಸಿನಗಾಗಿನೋರಿಗೆ ಗೊತ್ತಿರುತ್ತಲ್ಲ ಅಂತ ಕೇಳ್ಕೊಂಡು ಬರ್ತಿದೀನಿ, ಇದು ನಾಲ್ಕನೇದು." ಅಷ್ಟರಲ್ಲಿ ಮೇಜಿನ ಮೇಲಿನ ಸಾಲು ಕಂಡಿತು. "ಓಹೋ, ಈ ಪೆಟ್ಟಿಗೆಗಳು! ನೀವೇನಾ ಕಳಿಸ್ತಿರೋದು? ನಾನೇ ಸ್ವಾಮಿ, ಹದಿನಾಲ್ಕನೇ ನಂಬರು. ನಿಮ್ಮ ಕಡೆಯಿಂದ ಹಂಚೋನು!"

ಪ್ಯಾಕ್ ಮಾಡುತ್ತಿದ್ದ ಹೆಂಗಸರೆಲ್ಲ ಖಜಾಂಚಿಯ ಕಡೆ ತಿರುಗಿದರು. ಎಲ್ಬಾಜ಼್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೇನು ಹೇಳಿಬಿಡುತ್ತಾರೆ ಎಂದುಕೊಂಡೆ.

"ಆ ಹೆಂಗಸಿಗೆ ಊಟಕ್ಕೆ ಗತಿಯಿಲ್ವಾ?" ಎಂದು ಎಲ್ಬಾಜ಼್ ಕೇಳಿದರು.

"ಊಟಕ್ಕೇನೋ ಇದೆ ಅವಳಿಗೆ."

"ಬಡವಿ ಅಂದ್ರಿ?"

"ಹಸಿದೋರು ಹೇಗೆ ತಿಂತಾರೆ ಅಂತ ನಂಗೊತ್ತಿಲ್ವಾ? ನಮ್ಮಪ್ಪನ ಮನೇಲಿ ನೋಡಿದೀನಿ. ಇವಳು ಹಾಗೆ ತಿನ್ನಲ್ಲ. ಮನೇಲಿ ಬೇಕಾದಷ್ಟಿದೆ ಅವಳಿಗೆ, ಅಡುಗೇನೂ ಚೆನ್ನಾಗಿ ಬರುತ್ತೆ, ನನ್ನ ಜೀರಿಗೆ ಕಂಡು ಮುಖ ಹಿಂಡ್ತಾಳೆ. ಆದ್ರೆ ಅವಳ ಮುಂದೆ ತಟ್ಟೆ ಇಡೋರು ಯಾರೂ ಇಲ್ಲ ಸ್ವಾಮಿ. ಮೊದಲನೇ ದಿನ ಕೂತ್ಕೋ ಅಂದ್ರೆ ಕೂರೋಕೇ ಬರ್ಲಿಲ್ಲ ಅವಳಿಗೆ. ಎಷ್ಟು ವರ್ಷದಿಂದ ಬೇರೆಯೋರಿಗೆ ಬಡಿಸ್ತಾನೇ ಇದಾಳೋ, ಪಾಪ. ಅದಕ್ಕಿಂತ ಬಡತನ ಉಂಟಾ? ಎರಡು ವಾರದಿಂದ ಅವಳಿಗೆ ಯಾರು ತಟ್ಟೆ ಇಡ್ತಿದಾರೆ ಅಂತ ನಂಗೆ ನಿದ್ದೆ ಇಲ್ಲ."

ಫ್ರೀಜ಼ರಿನ ತಣ್ಣನೆಯ ತಗಡಿಗೆ ಹಣೆ ಒತ್ತಿ ನಿಂತಿದ್ದೆ. ಅವರಿಗೆ ಏನಿಲ್ಲವೋ ಅದನ್ನು ನಾನು ಕೊಡುತ್ತಿದ್ದೇನೆಂದು ಬೀಗಿದ್ದೆ. ಆ ಮನುಷ್ಯ ಮೊದಲ ದಿನವೇ ನನ್ನ ಕೊರತೆಯನ್ನು ಕಂಡುಹಿಡಿದು, ಅದನ್ನು ವಾರ ವಾರ ತುಂಬುತ್ತಾ ಬಂದಿದ್ದರು.

"ನೋಡಿ ಅಸರಾಫ್ ಅವ್ರೆ" ಎಂದರು ಎಲ್ಬಾಜ಼್. "ನಿಮಗೊಂದು ವಿಷಯ ಹೇಳ್ಬೇಕು. ಆ ಪೆಟ್ಟಿಗೆ..."

ಹೊರಗೆ ಬಂದುಬಿಟ್ಟೆ. ಮೈಮೇಲೆ ಸಮಿತಿಯ ಏಪ್ರನ್ನು, ಕೊರಳಲ್ಲಿ ನೆಲಮಾಳಿಗೆಯ ಬೀಗದ ಕೈ. ಅವರು ನನ್ನನ್ನು ನೋಡಿದರು, ಏಪ್ರನ್ನು ನೋಡಿದರು, ಪೆಟ್ಟಿಗೆಗಳನ್ನು ನೋಡಿದರು. ಹಣೆ ಗಂಟಿಕ್ಕಿತು. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲ ಅರ್ಥವಾಗುತ್ತಿತ್ತು.

"ಯಜಮಾನ್ರೆ, ಆ ಹೆಂಗಸು ನಾನೇ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಜ್ವರ ಬಂದಿತ್ತು. ಇವತ್ತು ಇಲ್ಲಿಗೆ ಬಂದೆ. ಕೈಲಾದ ಕೆಲಸ ಮಾಡು ಅಂತ ಇವರು ಏಪ್ರನ್ ಕೊಟ್ಟಿದ್ದಾರೆ. ಇವರೆಲ್ಲರ ಮುಂದೆ ಹೇಳ್ತೀನಿ, ನೀವು ಹೇಳಿದ್ದು ನಿಜ. ನನ್ನ ಗಂಡ ಹೋಗಿ ಒಂಬತ್ತು ವರ್ಷ ಆಯ್ತು. ಈ ಒಂಬತ್ತು ವರ್ಷದಲ್ಲಿ ನನ್ನ ಮುಂದೆ ತಟ್ಟೆ ಇಟ್ಟೋರು ನೀವೊಬ್ರೇ."

ಸುಳ್ಳು ಹೇಳಿ ಅವರ ಮಾನ ಉಳಿಸಬೇಕೆಂದು ಹೊರಬಂದವಳು ನಾನು. ಏಪ್ರನ್ನಿನ ಮಾತು ಬಿಟ್ಟರೆ ಹೇಳಿದ್ದರಲ್ಲಿ ಸುಳ್ಳೇ ಇರಲಿಲ್ಲ. ಹತ್ತೊಂಬತ್ತು ವರ್ಷ ನನ್ನಿಂದ ಬೈಸಿಕೊಂಡ ಹೆಂಗಸರೆಲ್ಲ ನೋಡುತ್ತಿದ್ದರು. ಫ್ರೇಹಾ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಈ ಸಲ ನಗುವಿಗಲ್ಲ.

"ನೋಡಿದ್ರಾ, ಇಲ್ಲೂ ಇವಳ ಕೈಲಿ ಕೆಲಸ ಮಾಡಿಸ್ತಿದೀರಿ" ಎಂದು ಅಸರಾಫರು ಎಲ್ಬಾಜ಼್ ಮೇಲೆ ರೇಗಿದರು. "ಜ್ವರದಿಂದ ಎದ್ದು ಬಂದೋಳು! ಅದೇನೋ ಹೇಳ್ತಿದ್ರಲ್ಲ, ಪೆಟ್ಟಿಗೆ ವಿಷಯ?"

ಎಲ್ಬಾಜ಼್ ನನ್ನ ಮುಖ ನೋಡಿದರು. ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

"ಒಂದು ಪೆಟ್ಟಿಗೆ ನಿಮಗೆ ಹಂಚೋಕೆ ಸಾಲ್ತಿಲ್ಲ ಅನ್ಸುತ್ತೆ" ಎಂದರು. "ಮುಂದಿನ ವಾರದಿಂದ ಎರಡು ಕಳಿಸ್ತೀವಿ. ಒಂದು ಹಂಚಿ. ಇನ್ನೊಂದು ಮನೆಗೆ ಬಂದು ಕೂತು ಉಣ್ಣೋರಿಗೆ ಅಡುಗೆ ಮಾಡೋಕೆ."

ಅಸರಾಫರು ಯೋಚನೆ ಮಾಡಿ, ಆಗಲಿ ಎಂದು ತಲೆಯಾಡಿಸಿದರು. ಆಮೇಲೆ ಎದೆಗೊತ್ತಿಕೊಂಡಿದ್ದ ಟವೆಲನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಗಾಜಿನ ಜಾಡಿಯಲ್ಲಿ ಹರೀರಾ. ಸಿಕ್ಕಿದರೆ ಕೊಡೋಣ ಎಂದು ನಾಲ್ಕು ಸಿನಗಾಗು ಹೊತ್ತು ತಿರುಗಿದ್ದರು.

"ಒಂದು ತಟ್ಟೆ ಇದ್ಯಾ ಇಲ್ಲಿ?"

ನಾನು ತರಲು ತಿರುಗಿದೆ. ಎಲ್ಬಾಜ಼್ ಕೈ ಅಡ್ಡ ಹಿಡಿದು ತಡೆದರು. ಅವರೇ ಹೋಗಿ ತಟ್ಟೆ ತಂದರು, ಚಮಚ ತಂದರು, ಮೂಲೆಯಿಂದ ಕುರ್ಚಿ ಎಳೆದುಕೊಂಡು ಬಂದು ನನ್ನ ಹಿಂದೆ ಇಟ್ಟರು.

"ಕೂತ್ಕೊಳ್ಳಿ" ಎಂದರು.

ಸಮಿತಿಯ ಮಧ್ಯೆ ನಾನು ಕೂತೆ. ಹರೀರಾ ಉಗುರುಬೆಚ್ಚಗಿತ್ತು, ಜೀರಿಗೆ ಎಂದಿನಂತೆ ಹೆಚ್ಚಾಗಿತ್ತು. ಅಳು, ಸಾರು ಎರಡನ್ನೂ ಒಟ್ಟಿಗೆ ನುಂಗುತ್ತಿದ್ದೆ. ಅಸರಾಫರು ಪಕ್ಕದಲ್ಲಿ ನಿಂತು, "ನಿಧಾನವಾಗಿ ತಿನ್ನು, ಸೋಲ್" ಎಂದರು. ಪೆರ್ಲಾ ಎಂದು ಅಲ್ಲಿ ಯಾರೂ ತಿದ್ದಲಿಲ್ಲ.